ಎದೆಯೊಳಗಿನ ಡಬ್ಬಿ

ದ್ಯಾಮಣ್ಣನ ಎಡಗಡೆಯ ಕೊರಳೆಲುಬಿನ ಕೆಳಗೆ, ಚರ್ಮದೊಳಗೆ, ಕಡ್ಡಿಪೆಟ್ಟಿಗೆಗಿಂತ ತುಸು ದೊಡ್ಡದಾದ ಒಂದು ಡಬ್ಬಿ ಕೂತು ಎರಡು ವರ್ಷದ ಮೇಲಾಗಿತ್ತು. ಅದಕ್ಕೊಂದು ಉದ್ದನೆಯ ಇಂಗ್ಲಿಷ್ ಹೆಸರಿದೆ, ಮನೆಯಲ್ಲಿ ಯಾರೂ ಅದನ್ನು ಬಳಸುತ್ತಿರಲಿಲ್ಲ. ಡಬ್ಬಿ ಅಂದರೆ ಸಾಕಿತ್ತು. ಎದೆಬಡಿತ ಹಳಿ ತಪ್ಪಿ ಹುಚ್ಚು ಹಿಡಿದಂತೆ ಓಡತೊಡಗಿದಾಗ ಒಳಗಿನಿಂದಲೇ ಕರೆಂಟಿನ ಹೊಡೆತ ಕೊಟ್ಟು ಅದನ್ನು ದಾರಿಗೆ ತರುವುದು ಅದರ ಕೆಲಸ. ಆ ಕೆಲಸವನ್ನು ಅದು ನಿಯತ್ತಿನಿಂದ ಮಾಡಿಕೊಂಡು ಬಂದಿತ್ತು. ಆ ನಿಯತ್ತೇ ಈಗ ಅವನ ಹೆಂಡತಿ ಚನ್ನಬಸವ್ವನಿಗೆ ಭಾರವಾಗಿತ್ತು.

"ಇದನ್ನ ಬಂದ್ ಮಾಡಸ," ಎಂದು ಗಂಡ ಆಸ್ಪತ್ರೆಯ ಮಂಚದ ಮೇಲಿನಿಂದ ಅವಳ ಕೈ ಹಿಡಿದು ಕೇಳಿದ್ದ. "ಹೋಗೂದಂತೂ ಹೋಗತೇನಿ. ಒದಿಸ್ಕೋತ ಹೋಗೂದು ಬ್ಯಾಡ."

ಮದುವೆಯಾಗಿ ಇಷ್ಟು ವರ್ಷಗಳಲ್ಲಿ ದ್ಯಾಮಣ್ಣ ಹೆಂಡತಿಯನ್ನು ಏನನ್ನೂ ಕೇಳಿಕೊಂಡವನಲ್ಲ. ಚಹಾ ತಾ, ಧೋತರ ಎಲ್ಲಿಟ್ಟಿ, ಕೀಲಿಕೈ ಕೊಡು, ಇಷ್ಟೇ ಅವನ ಮಾತು. ಅಂಥವನು ಮೊದಲ ಸಲ ಒಂದು ಬೇಡಿಕೆ ಇಟ್ಟಿದ್ದ. ಅದೂ ಇಂಥದ್ದು.

ಡಬ್ಬಿ ಮನೆಗೆ ಬಂದಾಗ ಮಾತ್ರ ಅದಕ್ಕೆ ಅಳಿಯನಿಗೆ ಮಾಡುವಷ್ಟು ಮರ್ಯಾದೆ ಸಿಕ್ಕಿತ್ತು. ದ್ಯಾಮಣ್ಣ ಅಮರಗೋಳದ ಮಾರ್ಕೆಟ್ಟಿನಲ್ಲಿ ಹತ್ತಿ, ಶೇಂಗಾದ ದಲಾಲಿ ಮಾಡುವವನು. ಒಂದು ದಿನ ಹರಾಜಿನ ಸವಾಲು ಕೂಗುತ್ತ ಕೂಗುತ್ತಲೇ ಶೇಂಗಾದ ರಾಶಿಯ ಮೇಲೆ ಬಿದ್ದ. ಹಮಾಲರು ಮೂಗಿಗೆ ಉಳ್ಳಾಗಡ್ಡಿ ಹಿಡಿದರು, ಲಿಂಬಿಹಣ್ಣಿನ ಶರಬತ್ತು ಕುಡಿಸಿದರು, ಪಿತ್ತ ಎಂದು ತೀರ್ಪು ಕೊಟ್ಟರು. ದ್ಯಾಮಣ್ಣ ಎದ್ದು ಅಂಗಿ ಝಾಡಿಸಿ ಉಳಿದ ಸವಾಲು ಮುಗಿಸಿಯೇ ಕೇಶ್ವಾಪುರದ ಮನೆಗೆ ಬಂದ. ಇನ್ನೊಮ್ಮೆ ಬಿದ್ದಾಗ ಮಗ ವಿಶಾಲ ಯಾರ ಮಾತನ್ನೂ ಕೇಳದೆ ಆಸ್ಪತ್ರೆಗೆ ಕರೆದೊಯ್ದ.

ಅಲ್ಲಿ ಇಸಿಜಿ ತೆಗೆದರು, ಪಟ್ಟಿಯಲ್ಲಿ ಯಾವ ದೋಷವೂ ಕಾಣಲಿಲ್ಲ. ಎದೆ ಆ ಗಳಿಗೆಗೆ ಸಂಭಾವಿತನಂತೆ ಬಡಿಯುತ್ತಿದ್ದರೆ ಪಟ್ಟಿಯಾದರೂ ಏನು ಹೇಳೀತು? ಎದೆಬಡಿತದ ಕಾಯಿಲೆಗಳನ್ನೇ ನೋಡುವ ಡಾಕ್ಟರ್ ಸಿತಾರಾ ಹಳೇಹುಬ್ಬಳ್ಳಿಯಲ್ಲೇ ಹುಟ್ಟಿ ಬೆಳೆದವಳು, ಈ ಕಡೆಯ ಗಂಡಸರ ಜಂಬ ಬಲ್ಲವಳು. ಎದೆಗೆ ವಾಯರ್ ಅಂಟಿಸಿ, ಸೊಂಟಕ್ಕೊಂದು ಸಣ್ಣ ಯಂತ್ರ ಕಟ್ಟಿ, ನಾಳೆ ಈ ಹೊತ್ತಿಗೆ ವಾಪಸ್ ಬನ್ನಿ ಎಂದಳು. "ದಿನಾ ಏನ ಮಾಡತೀರಿ ಅದನ್ನ ಮಾಡ್ರಿ ಕಾಕಾ. ಇದನ್ನ ಕಟ್ಟೇವಿ ಅಂತ ಹಾಸಗ್ಯಾಗ ಮಲಕೊಂಡ್ರ ಇದಕ್ಕ ಏನೂ ಸಿಗೂದಿಲ್ಲ."

ದ್ಯಾಮಣ್ಣ ಅದನ್ನು ಕಟ್ಟಿಕೊಂಡೇ ಸವಾಲಿಗೆ ಹೋದ. ಹಮಾಲ ಖಾದರಬಾಷಾ, "ಸಾವಕಾರ್ರ, ಇದರಾಗ ಹಾಡ ಬರತಾವೇನ್ರಿ?" ಎಂದು ಕೇಳಿ ಎಲ್ಲರನ್ನೂ ನಗಿಸಿದ್ದ. ಮರುದಿನ ಸಿತಾರಾ ಅದನ್ನು ಬಿಚ್ಚಿ ನೋಡಿದಾಗ ಅವಳ ಮುಖದಲ್ಲಿ ನಗು ಇರಲಿಲ್ಲ. ಸವಾಲಿನ ನಡುವೆ ಹೃದಯದ ಕೆಳಗಿನ ಕೋಣೆಗಳು ತಮ್ಮಷ್ಟಕ್ಕೆ ತಾವೇ ಓಟ ಕಿತ್ತಿದ್ದವು. ಹಿಂದೆಂದೋ ಆದ ಹಾರ್ಟ್ ಅಟ್ಯಾಕಿನ ಕಲೆಯಿಂದ ಆ ಓಟ ಹುಟ್ಟುತ್ತಿತ್ತು. ಅಂಥ ಓಟ ಇನ್ನಷ್ಟು ಹೊತ್ತು ನಡೆದರೆ ಮನುಷ್ಯ ಏಳುವುದಿಲ್ಲ.

ಆಮೇಲೆ ತೊಡೆಸಂದಿಯ ರಕ್ತನಾಳದಿಂದ ಸಣ್ಣ ತಂತಿಗಳನ್ನು ಹೃದಯದವರೆಗೆ ಕಳಿಸಿ, ಕಾಯಿಲೆಯನ್ನು ಬೇಕೆಂದೇ ಎಬ್ಬಿಸಿ, ಅದು ಎಲ್ಲಿಂದ ಏಳುತ್ತದೆಂದು ಹುಡುಕಿದರು. ಸಿಕ್ಕ ಜಾಗಗಳನ್ನು ಸುಟ್ಟರು. ಎಲ್ಲ ಸಿಗಲಿಲ್ಲ. ಸಿಗದೇ ಉಳಿದದ್ದಕ್ಕೆ ಕಾವಲಾಗಿ ಡಬ್ಬಿ ಕೂಡಿಸಿದರು. ಆಪರೇಶನ್ನಿನ ಕೋಣೆಯ ಬಾಗಿಲಲ್ಲಿ ಮೈಮೇಲಿನ ಲೋಹವನ್ನೆಲ್ಲ ತೆಗೆಯಿರಿ ಎಂದಾಗ ದ್ಯಾಮಣ್ಣ ಉಂಗುರ ಕೊಟ್ಟ, ಉಡದಾರ ಕೊಟ್ಟ, ಕೊರಳಿನ ಇಷ್ಟಲಿಂಗ ಮಾತ್ರ ಕೊಡಲೊಲ್ಲೆ ಎಂದ. ಕಡೆಗೆ ಬೆಳ್ಳಿಯ ಕರಡಿಗೆಯನ್ನು ಹೆಂಡತಿಯ ಕೈಗಿಟ್ಟು, ಲಿಂಗವನ್ನು ಬಟ್ಟೆಯಲ್ಲಿ ಸುತ್ತಿ ಬಲರಟ್ಟೆಗೆ ಕಟ್ಟಿಸಿಕೊಂಡು ಒಳಗೆ ಹೋದ. ಮನೆಗೆ ಬಂದಮೇಲೆ ನೋಡಲು ಬಂದವರಿಗೆಲ್ಲ ಎದೆ ತೋರಿಸಿ, "ಈಗ ಇಲ್ಲಿ ಎರಡು ಅದಾವ. ಒಂದು ಗುರು ಕೊಟ್ಟದ್ದು, ಒಂದು ಕಂಪನಿ ಕೊಟ್ಟದ್ದು. ಯಾವುದು ಮೊದಲ ಕೈ ಬಿಡತೈತಿ ನೋಡೋಣು," ಎಂದು ನಗುತ್ತಿದ್ದ.

ಮುಂದೆ ಮಾರ್ಕೆಟ್ಟಿನಲ್ಲೇ ಡಬ್ಬಿ ಮೊದಲ ಸಲ ಹೊಡೆಯಿತು. ವಿಶಾಲ ಪಕ್ಕದಲ್ಲೇ ಇದ್ದ. ಅಪ್ಪನ ಕಣ್ಣು ಮೇಲೆ ಸಿಕ್ಕಿದ್ದನ್ನು, ತುಟಿ ಬೂದಿಬಣ್ಣಕ್ಕೆ ತಿರುಗಿದ್ದನ್ನು ನೋಡಿದ. ಮೈ ಒಮ್ಮೆ ನೆಗೆದು ಬಿದ್ದದ್ದನ್ನೂ, ಮರುಗಳಿಗೆಯಲ್ಲಿ "ನೀರು ಕೊಡ್ರೋ" ಎಂದು ಅಪ್ಪ ಎದ್ದು ಕೂತದ್ದನ್ನೂ ನೋಡಿದ. ಅಂದಿನಿಂದ ವಿಶಾಲನಿಗೆ ದೇವರ ಜಗಲಿಗಿಂತ ಆ ಉಬ್ಬಿನ ಮೇಲೆಯೇ ಭಕ್ತಿ. ಚನ್ನಬಸವ್ವನೇನು ಕಡಿಮೆ? ಗಂಡನ ಪೂಜೆ ಮುಗಿದ ಮೇಲೆ ಉಳಿದ ವಿಭೂತಿಯನ್ನು ಡಬ್ಬಿಯ ಮೇಲೂ ಒಂದು ಬೆರಳು ಎಳೆಯುತ್ತಿದ್ದಳು. ಹೊಡೆತ ಹೇಗಿತ್ತೆಂಬುದನ್ನು ಮಾತ್ರ ದ್ಯಾಮಣ್ಣ ಅವಳೊಬ್ಬಳಿಗೇ ಹೇಳಿದ್ದ.

"ಒಳಗ ಕತ್ತಿ ಹಿಂಗಾಲಿಲೆ ಒದ್ದಂಗ ಆತು. ಉಳದೆ ಅಂತ ಖುಷಿ ಐತಿ. ಮತ್ತ ಯಾವಾಗ ಒದೀತೈತೋ ಅನ್ನೂ ಅಂಜಿಕೀನೂ ಐತಿ. ಮಂದಿ ಮುಂದ ಅನಬ್ಯಾಡ."

ಅದೆಲ್ಲ ಹಳೆಯ ಮಾತು. ಈಗ ಹೃದಯವೇ ಸೋತು ಹೋಗಿತ್ತು. ಕಾಲು ಬಾತು ಒತ್ತಿದಲ್ಲಿ ಕುಳಿ ಬೀಳುತ್ತಿತ್ತು, ಮಲಗಿದರೆ ಉಸಿರು ಕಟ್ಟುತ್ತಿತ್ತು, ಮೂತ್ರಪಿಂಡಗಳೂ ಕೈಕೊಟ್ಟಿದ್ದವು. ಈ ಸಲ ವಾರ್ಡಿಗೆ ಬಂದಮೇಲೆ ಡಬ್ಬಿ ಮತ್ತೆ ಮತ್ತೆ ಹೊಡೆದಿತ್ತು. ಹೊಡೆದಾಗಲೆಲ್ಲ ವಿಶಾಲ ಉಸಿರು ಬಿಟ್ಟು, "ಉಳಿಸ್ತು ನೋಡವ್ವಾ" ಎನ್ನುತ್ತಿದ್ದ. ಮಂಚದ ಮೇಲಿದ್ದವನು ಮಾತ್ರ ನಿದ್ದೆಯನ್ನೇ ಬಿಟ್ಟಿದ್ದ. ಎಡಭುಜವನ್ನು ಕಿವಿಯವರೆಗೆ ಎತ್ತಿ, ಹಲ್ಲು ಕಚ್ಚಿ, ಏಟಿಗೆ ಕಾಯುವ ಶಾಲೆಯ ಹುಡುಗನಂತೆ ಕೂತಿರುತ್ತಿದ್ದ. 

ಡಬ್ಬಿಯನ್ನು ಬಂದ್ ಮಾಡಬಹುದು ಎಂಬುದು ಅವನಿಗೆ ಗೊತ್ತಾದದ್ದು ಪರಮೇಶನಿಂದ. ಪರಮೇಶ ಕಂಪನಿಯ ಕಡೆಯ ಹುಡುಗ. ಆಗಾಗ ಬಂದು, ಲ್ಯಾಪ್‌ಟಾಪಿನಂಥ ಯಂತ್ರದಿಂದ ಹೊರಟ ಒಂದು ಬಿಲ್ಲೆಯನ್ನು ಎದೆಯ ಮೇಲಿಟ್ಟು ಡಬ್ಬಿಯ ಯೋಗಕ್ಷೇಮ ವಿಚಾರಿಸಿ ಹೋಗುವವನು. ಇದಕ್ಕೆ ಬಟನ್ ಇಲ್ಲವೇನಪ್ಪಾ ಎಂದು ದ್ಯಾಮಣ್ಣ ಚೇಷ್ಟೆಯಂತೆ ಕೇಳಿದ್ದ. ಇದೆ, ಡಾಕ್ಟರು ಹೇಳಿದರೆ ಇದೇ ಯಂತ್ರದಿಂದ ಹೊಡೆತ ನಿಲ್ಲಿಸಬಹುದು ಎಂದು ಅವನು ಹೇಳಿದ್ದ. ದ್ಯಾಮಣ್ಣ ಅದನ್ನು ಮನಸ್ಸಿನಲ್ಲೇ ಇಟ್ಟುಕೊಂಡಿದ್ದ.

ಸಿತಾರಾ ತಾಯಿ ಮಗ ಇಬ್ಬರನ್ನೂ ತನ್ನ ಕೋಣೆಗೆ ಕರೆಸಿದಳು.

"ಹೃದಯ ಪೂರಾ ದಣದೈತ್ರಿ. ಇನ್ನ ನಮ್ಮ ಕೈಯಾಗ ಏನೂ ಉಳದಿಲ್ಲ. ಮನಿಗಿ ಕರಕೊಂಡ ಹೋಗತೇವಿ ಅಂದ್ರ ಹೋಗ್ರಿ, ಇಲ್ಲೇ ಇರಲಿ ಅಂದ್ರೂ ಆತು. ಅದಕ್ಕೂ ಮೊದಲ ಡಬ್ಬಿ ಹೊಡಿಯೂದನ್ನ ಬಂದ ಮಾಡಬೇಕು."

"ಯಾಕ ಬಂದ ಮಾಡಬೇಕ್ರಿ?" ವಿಶಾಲನ ದನಿ ಆಗಲೇ ಏರಿತ್ತು.

"ಜೀವ ಹೋಗೂ ಮುಂದ ಹೃದಯ ಹಳಿ ತಪ್ಪತೈತ್ರಿ. ಅದು ಹೋಗೂ ದಾರಿ. ಡಬ್ಬಿಗಿ ಅದು ತಿಳಿಯೂದಿಲ್ಲ. ಉಳಸಬೇಕಂತ ಹೊಡೀತೈತಿ, ಮತ್ತ ಹೊಡೀತೈತಿ. ಉಳಿಯೂದಂತೂ ಇಲ್ಲ, ಹೊಡತಾ ಅಷ್ಟ ಸಿಗತಾವ. ಬಂದ ಮಾಡಿದ ಕೂಡಲೆ ಏನೂ ಆಗೂದಿಲ್ರಿ. ಅವರು ಹೋಗುವಾಗ ಅದು ಅಡ್ಡ ಬರೂದಿಲ್ಲ, ಅಷ್ಟ."

"ಉಳಸೂ ಸಾಮಾನು ಎದಿಯೊಳಗ ಇಟಗೊಂಡು, ನಾವ ಕೈಯಾರೆ ಅದನ್ನ ಆರಸಬೇಕೇನ್ರಿ?"

ಚನ್ನಬಸವ್ವ ನೆಲ ನೋಡುತ್ತಲೇ ಹೇಳಿದಳು. "ಅವರಽ ಕೇಳ್ಯಾರ ತಮ್ಮಾ. ಬಂದ ಮಾಡಸ ಅಂತ ನನ್ನ ಮುಂದ ಅಂದಾರ."

"ನೋವಿನಾಗ ಮನಷ್ಯಾ ಏನರ ಅಂತಾನವ್ವಾ. ಮುಂದಿನ ವಾರ ಮಾರ್ಕೆಟ್ಟಿಗಿ ಬರತೇನಿ ಅಂತ ನನ್ನ ಮುಂದ ಮುಂಜಾನೆ ಅಂದಾನ."

"ಹಂಗಾರ ಕಾಕಾನ್ನ ಕೇಳೂಣು," ಎಂದಳು ಸಿತಾರಾ. "ಅವರಿಗಿ ಇನ್ನೂ ಎಲ್ಲಾ ತಿಳೀತೈತಿ. ಎದಿ ಅವರದು."

ವಿಶಾಲ ಎದ್ದು ಕೈ ಮುಗಿದೇಬಿಟ್ಟ. "ಬ್ಯಾಡ್ರಿ ಮೇಡಮ್. ನಿಮ್ಮ ಕಾಲ ಬೀಳತೇನಿ. ಆರಾಮ ಆಗತೈತಿ ಅಂತ ಹೇಳಿಟ್ಟೇವಿ. ಈ ಮಾತ ಕಿವಿಗಿ ಬಿದ್ರ ಅಪ್ಪ ಇವತ್ತ ಹೋಗತಾನ."

ನಮ್ಮ ಮಂದಿಯಲ್ಲಿ ಇದೊಂದು ದೊಡ್ಡ ಮರ್ಯಾದೆ, ಸಾಯುವವನಿಗೆ ಸಾಯುತ್ತೀ ಎಂದು ಹೇಳುವಂತಿಲ್ಲ. ಓಣಿಗೆ ಗೊತ್ತಿರುತ್ತದೆ, ಹಾಲಿನವನಿಗೆ ಗೊತ್ತಿರುತ್ತದೆ, ಮಠದ ಅಯ್ಯನವರಿಗೆ ಹೇಳಿಕಳಿಸಿಯೂ ಆಗಿರುತ್ತದೆ. ಮಂಚದ ಮೇಲಿನವನಿಗೆ ಮಾತ್ರ ನಾಳೆ ಬಿಡುತ್ತಾರೆ, ನಾಡಿದ್ದು ಬಿಡುತ್ತಾರೆ ಎನ್ನುತ್ತೇವೆ. ಅವನೂ ನಂಬಿದವನಂತೆ ತಲೆಯಾಡಿಸುತ್ತಾನೆ. ನೀವೇ ಮಗನಿಗೆ ಹೇಳಿರಿ ಎಂದು ಚನ್ನಬಸವ್ವ ಗಂಡನನ್ನು ಕೇಳಿಕೊಂಡಿದ್ದಳು. "ಬ್ಯಾಡ, ಹುಡುಗ ಅಂಜತಾನ," ಎಂದಿದ್ದ ದ್ಯಾಮಣ್ಣ. ಅಪ್ಪ ಹೆದರಿಯಾನೆಂದು ಮಗ ಎಲ್ಲರ ಬಾಯಿ ಮುಚ್ಚಿಸುತ್ತಿದ್ದ, ಮಗ ಹೆದರಿಯಾನೆಂದು ಅಪ್ಪ ತನ್ನ ಬಾಯಿ ಮುಚ್ಚಿಕೊಂಡಿದ್ದ. ಎರಡೂ ಗೊತ್ತಿದ್ದವಳು ಚನ್ನಬಸವ್ವ ಒಬ್ಬಳೇ.

ಮರುದಿನ ಮುಂಜಾನೆ ಪರಮೇಶ ತನ್ನ ಯಂತ್ರದೊಂದಿಗೆ ಬಂದ. ಮೊದಲು ದ್ಯಾಮಣ್ಣನ ಎದೆಯ ಮೇಲೆ ಬಿಲ್ಲೆ ಇಟ್ಟು, ಡಬ್ಬಿ ಎಷ್ಟು ಸಲ ಹೊಡೆದಿದೆ ಎಂದು ನೋಡಿಕೊಂಡ. ದ್ಯಾಮಣ್ಣ ಅವನ ಮುಖವನ್ನೇ ನೋಡುತ್ತಿದ್ದ. ಹೊರಗೆ ಓಣಿಯಂಥ ಉದ್ದನೆಯ ವರಾಂಡದಲ್ಲಿ ಸಿತಾರಾ ಒಪ್ಪಿಗೆಯ ಕಾಗದ ಹಿಡಿದು ನಿಂತಿದ್ದಳು. ವಿಶಾಲ ಅದನ್ನು ಮುಟ್ಟಲಿಲ್ಲ. ಅವನ ಹೆಂಡತಿ ನಾಗರತ್ನಾ ಊಟದ ಬುತ್ತಿಯ ಚೀಲ ಹಿಡಿದುಕೊಂಡು ಗೋಡೆಗೆ ಒರಗಿದ್ದಳು.

"ಹೆಣ್ತಿ ಒಪ್ಪಿದ್ರೂ ನಡೀತೈತ್ರಿ," ಎಂದು ಸಿತಾರಾ ಪೆನ್ನನ್ನು ಚನ್ನಬಸವ್ವನ ಕಡೆ ಚಾಚಿದಳು.

ಚನ್ನಬಸವ್ವ ಪೆನ್ನು ಹಿಡಿದಳು. ಅವಳಿಗೆ ಸಹಿ ಬರುತ್ತಿತ್ತು. ಆಗ ವಿಶಾಲ ಕೂಗಾಡಿದ್ದರೆ ಅವಳು ಮಾಡಿಯೇ ಬಿಡುತ್ತಿದ್ದಳೋ ಏನೋ. ಅವನು ಮೆಲ್ಲಗೆ ಹೇಳಿದ.

"ಮಾಡವ್ವಾ. ಅಜ್ಜ ಹೆಂಗ ಹ್ವಾದ ಅಂತ ನಾಳೆ ನನ್ನ ಮಕ್ಕಳು ಕೇಳಿದ್ರ, ನಿಮ್ಮ ಅಜ್ಜಿ ಸಹಿ ಮಾಡಿದ್ಲು ಅಂತ ಹೇಳತೇನಿ."

ಈ ಮಾತಿಗೆ ಅವಳು ಸೋಲಬಾರದಿತ್ತು. ಸೋತಳು. ಪೆನ್ನನ್ನು ಸಿತಾರಾಳ ಕೈಗೇ ವಾಪಸ್ ಇಟ್ಟು, "ಗಂಡಮಗಾ ಬ್ಯಾಡಂದ ಮ್ಯಾಲ ನಂದೇನ್ರಿ," ಎಂದಳು. ಹಾಗೆ ಅಂದ ಬಾಯಿಗೆ ಬೆಂಕಿ ಹಚ್ಚಬೇಕು ಅಂತ ಅವಳಿಗೇ ಅನಿಸಿತು. ಪರಮೇಶ ಯಂತ್ರವನ್ನು ಚೀಲಕ್ಕೆ ಹಾಕಿಕೊಂಡು ಲಿಫ್ಟಿನ ಕಡೆ ಹೋದ. ಕೂಗಿದರೆ ತಿರುಗಿ ಬರುವಷ್ಟೇ ದೂರದಲ್ಲಿದ್ದ, ಅವಳು ಕೂಗಲಿಲ್ಲ.

ಒಳಗೆ ಬಂದಾಗ ದ್ಯಾಮಣ್ಣ ಬಾಗಿಲನ್ನೇ ಕಾಯುತ್ತಿದ್ದ.

"ಬಂದ ಮಾಡಿದ್ರೇನು?"

ಬಿಲ್ಲೆ ಎದೆಯ ಮೇಲಿಟ್ಟದ್ದನ್ನು ಅವನು ಕಣ್ಣಾರೆ ನೋಡಿದ್ದ, ಕೆಲಸ ಮುಗಿಯಿತೆಂದು ತಿಳಿದಿದ್ದ. ಚನ್ನಬಸವ್ವ ಅವನ ಎತ್ತಿದ ಭುಜವನ್ನು ನೋಡಿದಳು, ಕಚ್ಚಿದ ಹಲ್ಲನ್ನು ನೋಡಿದಳು.

"ಹೂಂ ರೀ. ಬಂದ ಮಾಡಿದ್ರು."

"ಖರೇನ?"

"ಖರೇನರಿ. ನಾ ಎಂದರ ನಿಮ್ಮ ಮುಂದ ಸುಳ್ಳ ಹೇಳೇನೇನು?"

ಭುಜ ಮೆಲ್ಲಗೆ ಇಳಿಯಿತು. ಕಾಲು ಚಾಚಿ, ದಿಂಬಿಗೆ ತಲೆ ಒರಗಿಸಿ, ದ್ಯಾಮಣ್ಣ ಮಗುವಿನ ಹಾಗೆ ನಿದ್ದೆ ಹೋದ. ಎಷ್ಟೋ ದಿನಗಳ ಮೇಲೆ ಬಂದ ನಿದ್ದೆ ಅದು. ಒಂದು ಸುಳ್ಳಿಗೆ ಇಷ್ಟು ಸುಖ ಕೊಡುವ ಶಕ್ತಿಯಿದೆಯೆಂದು ಚನ್ನಬಸವ್ವನಿಗೆ ಗೊತ್ತಿರಲಿಲ್ಲ.  ಆ ಡಬ್ಬಿ ಇನ್ನೊಮ್ಮೆ ಹೊಡೆಯುವುದರೊಳಗೆ ಈ ಸುಳ್ಳನ್ನು ಹೇಗಾದರೂ ಖರೆ ಮಾಡಬೇಕಿತ್ತು.

ಅಪ್ಪನನ್ನು ಮನೆಗೆ ಕರೆದೊಯ್ಯಲು ವಿಶಾಲ ಬಿಡುಗಡೆಯ ಕಾಗದಗಳಿಗೆ ಕೆಳಗೆ ಹೋದ ಹೊತ್ತು ನೋಡಿ ಅವಳು ಸಿತಾರಾಳ ಕೋಣೆಗೆ ಹೋದಳು. "ನಾ ತಪ್ಪ ಮಾಡಿದೆ ಡಾಕ್ಟರಬಾಯಾರ. ಬಂದ ಆಗೇತಿ ಅಂತ ಅವರಿಗಿ ಹೇಳಿಬಿಟ್ಟೆ."

ಪರಮೇಶ ಆಗಲೇ ಬೆಳಗಾವಿಯ ದಾರಿ ಹಿಡಿದಿದ್ದ, ತಿರುಗಿ ಬರುವುದು ನಾಳೆಯೇ. ಸಿತಾರಾ ಎದ್ದು ಬಾಗಿಲು ಹಾಕಿ ಬಂದಳು. ಆಮೇಲೆ ಕಪಾಟಿನಿಂದ ದಪ್ಪನೆಯದೊಂದು ಕರಿ ಬಳೆಯಂಥದ್ದನ್ನು ತೆಗೆದು ಅವಳ ಅಂಗೈಯಲ್ಲಿಟ್ಟಳು. ಗಾತ್ರಕ್ಕೆ ಮೀರಿದ ಭಾರವಿತ್ತು.

"ಇದು ಮ್ಯಾಗ್ನೆಟ್. ಡಬ್ಬಿ ಹೊಡಿಲಿಕ್ಕೆ ಸುರು ಮಾಡಿದ್ರ ಇದನ್ನ ಆ ಉಬ್ಬಿನ ಮ್ಯಾಲ ಒತ್ತಿ ಹಿಡೀರಿ. ಹಿಡದಿರೂತನಾ ಹೊಡಿಯೂದಿಲ್ಲ. ತಗದ್ರ ಮತ್ತ ಹೊಡೀತೈತಿ. ಹೋಗೂ ಹೊತ್ತು ಬಂದಾಗ ಯಾರು ಏನ ಅಂದ್ರೂ ಕೈ ತಗೀಬ್ಯಾಡ್ರಿ. ನಿಮ್ಮ ಮಗನ ಮುಂದ ನಾನೂ ಹೇಳತೇನಿ."

"ನೀವ ಹೇಳಬ್ಯಾಡ್ರಿ. ನಾನ ಹೇಳತೇನಿ," ಎಂದು ಚನ್ನಬಸವ್ವ ಅದನ್ನು ತನ್ನ ಎಲೆ-ಅಡಿಕೆಯ ಸಂಚಿಯೊಳಗೆ ಹಾಕಿಕೊಂಡಳು. ಒಳಗಿದ್ದ, ಅಡಿಕೆ ಕತ್ತರಿಸುವ ಕಬ್ಬಿಣದ ಅಡಕೊತ್ತು ಟಪ್ಪೆಂದು ಅದಕ್ಕೆ ಅಂಟಿಕೊಂಡಿತು.

ಹೇಳುತ್ತೇನೆ ಎಂದವಳು ಹೇಳಲಿಲ್ಲ. ಗಾಡಿಯಲ್ಲಿ ಹೇಳೋಣ ಎಂದುಕೊಂಡಳು, ಗಾಡಿಯಲ್ಲಿ ಗಂಡ ಎಚ್ಚರವಿದ್ದ. ಮನೆಯಲ್ಲಿ ಹೇಳೋಣ ಎಂದುಕೊಂಡಳು, ಮನೆ ತುಂಬ ಬೀಗರು ನೆರೆದಿದ್ದರು. ಗಂಡನನ್ನು ಮುಂಭಾಗದ ಪಡಸಾಲೆಯಲ್ಲಿ ಮಲಗಿಸಿದರು. ಅವನ ಮುಖ ತಿಳಿಯಾಗಿತ್ತು, ಒಬ್ಬೊಬ್ಬರನ್ನೂ ಗುರುತು ಹಿಡಿದು ಮಾತಾಡಿಸಿದ. ಹೊಡೆಯದೆಯೇ ಹೋದರೂ ಹೋಗಬಹುದು, ಎಲ್ಲರಿಗೂ ಹೊಡೆಯಬೇಕೆಂದೇನಿದೆ ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಸಂಚಿ ಸೊಂಟದಲ್ಲೇ ಇತ್ತು.

ಮರುದಿನ ಮಧ್ಯಾಹ್ನದ ಹೊತ್ತಿಗೆ ಉಸಿರು ಮೇಲಕ್ಕೇರಿತು. ಮಠದ ಅಯ್ಯನವರು ಬಂದರು. ದ್ಯಾಮಣ್ಣನ ಹಣೆಗೆ, ತೋಳಿಗೆ, ಎದೆಗೆ ವಿಭೂತಿ ಧರಿಸಿದರು, ಇಷ್ಟಲಿಂಗವನ್ನು ಅವನ ಅಂಗೈಯಲ್ಲಿಟ್ಟು ಬೆರಳು ಮಡಚಿದರು. ಅಯ್ಯನವರ ಪಾದ ತೊಳೆದ ನೀರನ್ನು ಬಟ್ಟಲಲ್ಲಿ ಹಿಡಿದು ವಿಶಾಲ ಅಪ್ಪನ ತುಟಿಗೆ ತಂದ. ಸುತ್ತ ನಿಂತವರು ಮೆಲುದನಿಯಲ್ಲಿ ಓಂ ನಮಃ ಶಿವಾಯ ಅನ್ನುತ್ತಿದ್ದರು. ಎಲ್ಲ ಪದ್ಧತಿಯ ಪ್ರಕಾರವೇ ನಡೆದಿತ್ತು.

ಡಬ್ಬಿ ಹೊಡೆಯಿತು.

ದ್ಯಾಮಣ್ಣನ ಮೈ ಹಾಸಿಗೆಯಿಂದ ಎದ್ದು ಬಿತ್ತು. ಬಟ್ಟಲು ವಿಶಾಲನ ಕೈಯಿಂದ ಹಾರಿ ಗೋಡೆಗೆ ಬಡಿಯಿತು. ಮಂತ್ರ ನಿಂತಿತು. ದ್ಯಾಮಣ್ಣ ಕಣ್ಣು ತೆರೆದ. ಯಾರನ್ನೂ ನೋಡಲಿಲ್ಲ, ಸುತ್ತ ಹುಡುಕಿ ಚನ್ನಬಸವ್ವನ ಮುಖಕ್ಕೆ ಬಂದು ನಿಂತ.

"ಬಂದ ಆಗಿಲ್ಲಲಾ," ಎಂದ.

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ತೂಕದಲ್ಲಿ ಮೋಸವಾದದ್ದು ಕಂಡಾಗ ಆಡುವಂಥ, ಸುಮ್ಮನೆ ಗಮನಿಸಿ ಹೇಳುವಂಥ ಮಾತು.  ಅಷ್ಟರಲ್ಲಿ ವಿಶಾಲನ ಮುಖ ಅರಳಿತ್ತು. "ಬಂದ ನೋಡ್ರಿ, ಅಪ್ಪ ಹೊಳ್ಳಿ ಬಂದ. ನಾ ಹೇಳಿದ್ದಿಲ್ಲ? ಗಾಡಿ ಕರೀರಿ ಯಾರರ, ದವಾಖಾನಿಗಿ ಹೋಗೂಣು." ಬೀಗರಲ್ಲಿ ಒಬ್ಬಿಬ್ಬರು ಕೈ ಮುಗಿದರು.

ಮತ್ತೆ ಹೊಡೆಯಿತು. ಈ ಸಲ ದ್ಯಾಮಣ್ಣ ಕೂಗಿದ. ಇಷ್ಟು ಜನರ ಮುಂದೆ, ಸೊಸೆಯ ಮುಂದೆ, ಅಯ್ಯನವರ ಮುಂದೆ ಅವನು ಕೂಗಿದ. ಬೆರಳು ಬಿಚ್ಚಿ ಲಿಂಗ ಹಾಸಿಗೆಯ ಮೇಲೆ ಉರುಳಿತು.

ಚನ್ನಬಸವ್ವ ಎದ್ದಳು. ಸಂಚಿ ಬಿಚ್ಚಿ ಒಳಗಿನದನ್ನೆಲ್ಲ ನೆಲಕ್ಕೆ ಸುರುವಿದಳು, ಅಂಟಿಕೊಂಡಿದ್ದ ಅಡಕೊತ್ತನ್ನು ಕಿತ್ತೆಸೆದಳು. ಗಂಡನ ಪಕ್ಕ ಮಂಡಿಯೂರಿ, ಲಿಂಗವನ್ನು ಅವನ ಅಂಗೈಗೆ ವಾಪಸ್ ಇಟ್ಟು, ಕರಿ ಬಳೆಯನ್ನು ಉಬ್ಬಿನ ಮೇಲೆ ಒತ್ತಿ ಹಿಡಿದಳು.

"ಏನದು ತಾಯಿ?" ಅಯ್ಯನವರು ಕೇಳಿದರು.

"ನೀವು ಮಂತ್ರ ನಡಸ್ರಿ ಅಯ್ಯಾರ," ಎಂದಳು. ಆಮೇಲೆ ಗಂಡನ ಕಿವಿಯ ಹತ್ತಿರ ಬಗ್ಗಿದಳು. "ಈಗ ಬಂದ ಆತ್ರೀ. ನೋಡ್ರಿ, ನಾನ ಕೈ ಇಟ್ಟೇನಿ. ಇನ್ನ ಹೊಡಿಯೂದಿಲ್ಲ."

ದ್ಯಾಮಣ್ಣ ಅವಳನ್ನೇ ನೋಡಿದ. ಎಡಭುಜ ಕಿವಿಯವರೆಗೆ ಎದ್ದಿತ್ತು, ಹಲ್ಲು ಕಚ್ಚಿಯೇ ಇತ್ತು.

"ಖರೇನರಿ. ಈ ಸಲ ಖರೇನ ಹೇಳಾಕತ್ತೇನಿ. ಭುಜಾ ಇಳಸ್ರಿ."

ಇಳಿಸಲಿಲ್ಲ. ಅವನು ಮುಂದಿನ ಏಟಿಗೆ ಕಾಯುತ್ತಿದ್ದ.

ಅವಳ ಕೈಯ ಕೆಳಗೆ ಎದೆಯೊಳಗೆ ಏನೋ ಕದಲಿತು, ಹಿಡಿಯಲ್ಲಿ ಸಿಕ್ಕ ಗುಬ್ಬಿಯಂತೆ ಪಟಪಟ ಬಡಿಯತೊಡಗಿತು. ಡಬ್ಬಿ ಕಾಯುತ್ತಿದ್ದದ್ದು ಇದಕ್ಕೇ ಎಂದು ಅವಳಿಗೆ ತಿಳಿಯಿತು. ದ್ಯಾಮಣ್ಣನ ಕಣ್ಣು ಮೇಲೆ ಸಿಕ್ಕಿತು, ತುಟಿ ಬೂದಿಬಣ್ಣಕ್ಕೆ ತಿರುಗಿತು. ವಿಶಾಲ ಇದನ್ನು ಮಾರ್ಕೆಟ್ಟಿನಲ್ಲಿ ನೋಡಿದ್ದವನು. ಈಗ ಹೊಡೆಯಬೇಕು, ಈಗ ಏಳಬೇಕು. ಹೊಡೆಯಲಿಲ್ಲ. ಅವನ ಕಣ್ಣು ಅಪ್ಪನ ಮುಖದಿಂದ ಅವ್ವನ ಕೈಗೆ ಹೋಯಿತು, ಅವನಿಗೆ ಎಲ್ಲ ಅರ್ಥವಾಯಿತು.

"ಅವ್ವಾ, ಕೈ ತಗಿ."

ಅವಳು ತೆಗೆಯಲಿಲ್ಲ.

"ಈಗ ತಗಿ ಅವ್ವಾ. ಈಗ ತಗದ್ರ ಉಳೀತಾನ. ನಿನ್ನ ಕಾಲ ಹಿಡೀತೇನಿ, ತಗಿ." ಅವನು ಅವಳ ಮಣಿಕಟ್ಟು ಹಿಡಿದು ಎಳೆದ. ಬಳೆಗಳು ಒಡೆದು ವಿಭೂತಿಯ ಮೇಲೆ ಬಿದ್ದವು. ಚನ್ನಬಸವ್ವ ಮೈಭಾರವನ್ನೆಲ್ಲ ಆ ಕೈಯ ಮೇಲೆ ಹಾಕಿದಳು. ನಾಗರತ್ನಾ ಹಿಂದಿನಿಂದ ಬಂದು ಗಂಡನನ್ನು ತಬ್ಬಿ ಹಿಡಿದು, "ಬಿಡ್ರಿ, ಮಾವಾರ ಕೂಗಿದ್ದು ಕೇಳಲಿಲ್ಲೇನು, ಬಿಡ್ರಿ," ಎಂದು ಅತ್ತಳು. ಕೈಯ ಕೆಳಗಿನ ಬಡಿತ ಸಣ್ಣದಾಯಿತು, ಇನ್ನೂ ಸಣ್ಣದಾಯಿತು, ಆಮೇಲೆ ಇರಲಿಲ್ಲ.

ಮೈ ಸೆಟೆಯುವ ಮೊದಲೇ ಗೋಡೆಗೆ ಒರಗಿಸಿ ಕೂರಿಸಬೇಕೆಂದು ಹಿರಿಯರು ಅವಸರ ಮಾಡಿದರು. ಚನ್ನಬಸವ್ವ ಕೈ ತೆಗೆಯಲೊಲ್ಲಳು. ಅಯ್ಯನವರು ಮೂಗಿನ ಹತ್ತಿರ ಬೆರಳು ಹಿಡಿದು ನೋಡಿ ಹೇಳಿದ ಮೇಲೂ, ಓಣಿಯ ಡಾಕ್ಟರು ಬಂದು ನೋಡಿ ಹೇಳಿದ ಮೇಲೂ ಅಲ್ಲಿಯೇ ಕೂತಿದ್ದಳು. ಕಡೆಗೆ ನಾಗರತ್ನಾ ಒಂದೊಂದೇ ಬೆರಳು ಬಿಡಿಸಿದಳು. ಕೂರಿಸಿ ಹೂ ಹಾಕಿದಾಗ ದ್ಯಾಮಣ್ಣನ ಎಡಭುಜ ಎತ್ತಿಯೇ ಇತ್ತು. ಒತ್ತಿದರು, ಇಳಿಯಲಿಲ್ಲ. ಶಾಲು ಹೊದಿಸಿ ಮುಚ್ಚಿದರು. ಹೆಣ್ಣುಮಕ್ಕಳು ಮೂಲೆಯಲ್ಲಿ ತಮ್ಮತಮ್ಮಲ್ಲೇ ಪಿಸುಗುಟ್ಟಿದರು. ಎರಡು ಸಲ ಹೊಳ್ಳಿ ಬಂದಿದ್ದ ಜೀವ, ಅವಳು ಅದೇನೋ ಕರಿ ಸಾಮಾನು ಇಟ್ಟಳು, ಹೋಯಿತು. ಚನ್ನಬಸವ್ವನಿಗೆ ಎಲ್ಲ ಕೇಳಿಸಿತು.

ಮಣ್ಣು ಮಾಡಿ ಬಂದಮೇಲೆ ವಿಶಾಲ ಅವ್ವನ ಜೊತೆ ಮಾತು ಬಿಟ್ಟ. ಊಟಕ್ಕೆ ಅವಳು ಕೂತಾಗ ಇವನು ಏಳುತ್ತಿದ್ದ. ನಾಗರತ್ನಾ ನಡುವೆ ನಿಂತು ಇಬ್ಬರಿಗೂ ಬಡಿಸುತ್ತಿದ್ದಳು. ಹೀಗೇ ನಡೆದಿತ್ತು. ಒಂದು ಮುಂಜಾನೆ ಪಡಸಾಲೆಯಲ್ಲಿ ಬೇರೆ ಯಾರೂ ಇರಲಿಲ್ಲ. ಅವಳು ಕಾಳು ಆರಿಸುತ್ತ ಕೂತಿದ್ದಳು. ಅವನು ಬಂದು ಎದುರಿಗೆ ನಿಂತ. ಮುಖ ಇಳಿದು ಗಡ್ಡ ಬೆಳೆದು ಅಪ್ಪನ ಹಾಗೇ ಕಾಣುತ್ತಿದ್ದ.

"ಒಂದ ಕೇಳತೇನಿ. ಖರೇ ಹೇಳು. ನೀ ಅದನ್ನ ಇಡದಿದ್ರ ಅಪ್ಪ ಇರತಿದ್ನೇನು?"

ಇಲ್ಲ ಎನ್ನುವುದು ಸುಲಭವಿತ್ತು. ಡಾಕ್ಟರು ಹೇಳಿದ್ದು ಅದನ್ನೇ, ಮಗನಿಗೂ ಬೇಕಾಗಿದ್ದದ್ದು ಅದೇ. ಹಾಗೆಂದಿದ್ದರೆ ಅವನು ಅತ್ತು, ಅವಳ ತೊಡೆಯ ಮೇಲೆ ತಲೆ ಇಡುತ್ತಿದ್ದ. ಚನ್ನಬಸವ್ವ ಮೊರವನ್ನು ಕೆಳಗಿಟ್ಟಳು.

"ಇರತಿದ್ರು. ಇನ್ನೂ ನಾಕ ಹೊಡತಾ ತಿನ್ನೂ ಅಷ್ಟ ಹೊತ್ತ ಇರತಿದ್ರು."

ವಿಶಾಲ ಗೋಡೆ ಹಿಡಿದು ಕೂತ.

"ಅದಕ್ಕ ನಾ ಅಳೂದಿಲ್ಲ ತಮ್ಮಾ. ಅದನ್ನ ಇನ್ನೊಮ್ಮೆ ಮಾಡಂದ್ರೂ ಮಾಡತೇನಿ. ಮದಿವ್ಯಾದಾಗಿಂದ ನಾ ಹೇಳಿದ್ದಕ್ಕೆಲ್ಲಾ ಹೂಂ ಅಂದ ಮನಷ್ಯಾ. ಹೊಡತಾ ನಿಂತಾವ್ರಿ ಅಂತ ಕೈ ಇಟ್ಟ ಹೇಳಿದೆ. ನಂಬಲಿಲ್ಲ."